ದಡದಿಂದ ದಡಕ್ಕೆ

ದೋಣಿ ಗಕ್ಕನೆ ನಿಂತಿತು. ಪೆಟ್ಟಿಗೆ ಮುಂದಕ್ಕೆ ಜಾರಿತು. ಪೆಟ್ಟಿಗೆಯ ಹಿಂದೆ ಅದನ್ನು ಮಾಡಿದ ಬಡಗಿ ಜಾರಿದ. ಸಾಹೇಬರು ಹೂಚಕ್ರವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಓಡಿದರು. ಯಾರದೋ ಹೆಗಲು ಕೈಗೆ ಸಿಕ್ಕಿದ್ದರಿಂದ ನೀರಿಗೆ ಬೀಳದೆ ಉಳಿದರು.

“ಅಜ್ಜನ್ನ ಹಿಡ್ಕೊಳ್ರೀ!” ನರ್ಸಮ್ಮ ಕೂಗಿದರು.

ಆರೇಳು ಕೈಗಳು ಒಟ್ಟಿಗೇ ಚಾಚಿದವು. ದೋಣಿಯ ಅಂಚಿಗೆ ಒಂದು ಗೇಣು ಇರುವಾಗ ಪೆಟ್ಟಿಗೆ ನಿಂತಿತು. ಬಡಗಿ ಮೊಣಕಾಲೂರಿ ಅದರ ನಾಲ್ಕೂ ಮೂಲೆಗಳನ್ನು ಸವರಿ ನೋಡಿದ.

“ಮೂಲೆ ಮುಕ್ಕಾಗಿಲ್ಲ,” ಎಂದ. ಆಮೇಲೆ ನೆನಪಾದವನಂತೆ, “ಅಜ್ಜನಿಗೂ ಏನೂ ಆಗಿರಲ್ಲ ಬಿಡಿ,” ಎಂದು ಸೇರಿಸಿದ.

“ಆಗೋದೆಲ್ಲ ಮೊನ್ನೇನೇ ಆಗಿದೆಯಲ್ಲಪ್ಪ,” ಎಂದಳು ಅಜ್ಜನ ಮಗಳು. ಎರಡು ದಿನ ಅತ್ತು ಅವಳ ಗಂಟಲು ಕಟ್ಟಿತ್ತು. ಆದರೂ ನಾಲಿಗೆ ಕಟ್ಟಿರಲಿಲ್ಲ. ಅವಳು ದರ್ಜಿ. ಮಾತನ್ನೂ ಬಟ್ಟೆಯಂತೆ ಒಂದೇ ಸಲಕ್ಕೆ ಕತ್ತರಿಸುವುದು ಅವಳಿಗೆ ಅಭ್ಯಾಸ.

ಪೆಟ್ಟಿಗೆಯಲ್ಲಿದ್ದವನು ನಲವತ್ತೇಳು ವರ್ಷ ಇದೇ ದೋಣಿಯನ್ನು ನಡೆಸಿದವನು. ಊರಿಗೆಲ್ಲ ಅವನು ಹಗ್ಗದಜ್ಜ. ಸರ್ಕಾರಿ ದೋಣಿ ಅದು, ಅಗಲವಾಗಿ, ತಟ್ಟೆಯಂತಿದೆ. ಹೊಳೆಗೆ ಅಡ್ಡಲಾಗಿ, ತಲೆಯ ಮೇಲೆ ಒಂದು ಉಕ್ಕಿನ ತಂತಿ ಇದೆ. ದೋಣಿ ಕೊಚ್ಚಿಹೋಗದಂತೆ ಅದು ಹಿಡಿದುಕೊಳ್ಳುತ್ತದೆ. ಎರಡು ದಡದಲ್ಲೂ ಒಂದೊಂದು ದೊಡ್ಡ ಚಕ್ರ. ಆಚೆ ದಡದ ಚಕ್ರ ತನ್ನ ಹಗ್ಗವನ್ನು ಸುತ್ತಿಕೊಂಡರೆ ದೋಣಿ ಆಚೆಗೆ ಹೋಗುತ್ತದೆ. ಆಗ ಈಚೆಯ ಚಕ್ರ ತನ್ನ ಹಗ್ಗವನ್ನು ಬಿಡುತ್ತಾ ಹೋಗಬೇಕು. ವಾಪಸು ಬರುವಾಗ ಈಚೆಯದು ಸುತ್ತುತ್ತದೆ, ಆಚೆಯದು ಬಿಡುತ್ತದೆ. ಈಚೆ ಕಚೇರಿ, ಅಂಗಡಿ, ಶಾಲೆ. ಆಚೆ ಎಂಬತ್ತು ಮನೆ, ನರ್ಸಮ್ಮನ ಪುಟ್ಟ ಆಸ್ಪತ್ರೆ, ಮತ್ತು ಸ್ಮಶಾನ. ಸ್ಮಶಾನದಲ್ಲಿ ಅಜ್ಜಿಯ ಪಕ್ಕ ಅಗೆದಿಟ್ಟ ಗುಂಡಿಯೊಂದು ಬೆಳಗಿನಿಂದ ಕಾಯುತ್ತಿತ್ತು.

ಆಚೆ ದಡ ಈಗ ಹತ್ತು ಮಾರು ದೂರದಲ್ಲಿತ್ತು. ಅಲ್ಲಿ ನಿಂತವರ ಮುಖಗಳೆಲ್ಲ ಕಾಣುತ್ತಿದ್ದವು. ಅಜ್ಜನ ಭಾವಮೈದುನ, ಊರಿಗೆಲ್ಲ ಚಕ್ರದ ಮಾವ, ಇನ್ನೂ ಹಲ್ಲು ಕಚ್ಚಿ ಚಕ್ರ ತಿರುಗಿಸುತ್ತಲೇ ಇದ್ದ. ದೋಣಿಯ ಮೂತಿ ನೀರಿಗೆ ಬಾಗಿತು, ಹಿಂಭಾಗ ಮೇಲೆದ್ದಿತು.

“ಅಯ್ಯೋ, ಮುಳುಗಿಸ್ತಾನೆ ಈ ಮನುಷ್ಯ! ನಿಲ್ಸೋಕೆ ಹೇಳ್ರೀ!” ಯಾರೋ ಚೀರಿದರು.

“ಕೂಗಿದ್ರೆ ಮಾವ ನಿಲ್ಸಲ್ಲ,” ಎಂದಳು ಮಗಳು. “ಕೆಂಪು ಬಟ್ಟೆ ಬೀಸಿದ್ರೆ ಮಾತ್ರ ನಿಲ್ಸೋದು. ಅಪ್ಪ ಮಾಡಿದ ರೂಲು.”

“ಎಲ್ಲಿದೆ ಆ ಬಟ್ಟೆ?”

“ಅಪ್ಪನ ಹೆಗಲ ಮೇಲೆ.” ಅವಳು ಪೆಟ್ಟಿಗೆಯ ಕಡೆ ತೋರಿಸಿದಳು.

ಎಲ್ಲರೂ ಬಡಗಿಯನ್ನು ನೋಡಿದರು. ಬಡಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಕೈ ಇಟ್ಟ. “ಹದಿನಾಲ್ಕು ತಿರುಪು ಹಾಕಿದೀನಿ. ಒಂದನ್ನೂ ಬಿಚ್ಚಲ್ಲ.”

ಅಷ್ಟರಲ್ಲಿ ಅಜ್ಜನ ಮೊಮ್ಮಗಳು, ಯಾರ ಜೊತೆಗೂ ಮಾತಾಡದೆ, ದೋಣಿ ಇಲಾಖೆಯ ಗುಮಾಸ್ತನ ಕಂಕುಳಲ್ಲಿದ್ದ ಕಡತದ ಗಂಟನ್ನು ಎಳೆದುಕೊಂಡು ಅದರ ಕೆಂಪು ಬಟ್ಟೆಯನ್ನು ಬಿಚ್ಚಿ ಬೀಸಿದಳು. ಕಾಗದಗಳು ದೋಣಿಯ ತುಂಬ ಹರಡಿದವು. ಆಚೆ ದಡದ ಚಕ್ರ ತಕ್ಷಣ ನಿಂತಿತು.

“ಕಡತದ ಬಟ್ಟೆಗೆ ಇಷ್ಟು ಬೇಗ ಕೆಲಸ ಆಗಿದ್ದು ಇದೇ ಮೊದಲು,” ಎಂದರು ನರ್ಸಮ್ಮ.

ಗುಮಾಸ್ತ ಕಾಗದ ಹೆಕ್ಕಲೂ ಏಳಲಿಲ್ಲ. ಅವನು ಒಂದು ಗೋಣಿಚೀಲದ ಮೇಲೆ ಕುಳಿತಿದ್ದ. ದೋಣಿಯ ಹಿಂದುಗಡೆ ತಂತಿಯಂತೆ ಬಿಗಿದು ನಿಂತ ಈಚೆ ದಡದ ಹಗ್ಗವನ್ನು ನೋಡುತ್ತಿದ್ದ ಅವನ ಮುಖ ಸುಣ್ಣ ಹಚ್ಚಿದಂತಾಗಿತ್ತು.

*

ಏಳು ವರ್ಷದ ಹಿಂದಿನವರೆಗೂ ಹೊಸ ಹಗ್ಗಕ್ಕೆ ಅರ್ಜಿ ಹಾಕುವಾಗ ಅಜ್ಜ ‘ಉದ್ದ’ ಎಂದಿದ್ದ ಕಡೆ ‘ದಡದಿಂದ ದಡಕ್ಕೆ’ ಎಂದು ಬರೆಯುತ್ತಿದ್ದ. ಉಗ್ರಾಣದವರಿಗೆ ಅಷ್ಟು ಸಾಕಾಗುತ್ತಿತ್ತು. ಹಗ್ಗ ಬರುತ್ತಿತ್ತು.

ಆ ವರ್ಷ ಆದೇಶ ಬಂತು. ಸರ್ಕಾರದ ಖರ್ಚು ಮಿತಿಮೀರಿದೆ. ಆದ್ದರಿಂದ ಎಲ್ಲಾ ಇಲಾಖೆ, ಎಲ್ಲಾ ಕಚೇರಿ, ಎಲ್ಲಾ ಬಾಬ್ತಿನಲ್ಲೂ ಸಮಾನವಾಗಿ ಶೇಕಡಾ ಹತ್ತು ಕಡಿತ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ.

ಗುಮಾಸ್ತ ಅಜ್ಜನ ಅರ್ಜಿಯನ್ನು ವಾಪಸು ತಂದಿದ್ದ. “ದಡದಿಂದ ದಡಕ್ಕೆ ಅಂದ್ರೆ ಅದರಲ್ಲಿ ಶೇಕಡಾ ಹತ್ತು ಹೇಗಜ್ಜಾ ಕಳೆಯೋದು? ಅಂಕಿ ಬರೀರಿ.”

ಅಜ್ಜ ನೂರು ಮಾರು ಎಂದು ಬರೆದ. ತೊಂಬತ್ತು ಬಂತು.

ಉಗ್ರಾಣದ ಅಂಗಳದಲ್ಲಿ ನಿಂತು ಅವನು ಅದನ್ನು ಮಾರು ಹಾಕಿ ಅಳೆದ. ಎರಡೂ ತೋಳು ಚಾಚಿ, ಮಡಚಿ, ಮತ್ತೆ ಚಾಚಿ. ಮೂರು ಸಲ ಅಳೆದರೂ ತೊಂಬತ್ತೇ.

“ನಿಮ್ಮ ತೋಳು ಉದ್ದ,” ಎಂದ ಗುಮಾಸ್ತ. “ಯಾರಾದ್ರೂ ಕುಳ್ಳಗಿರೋರ ಹತ್ರ ಅಳೆಸಿ. ನೂರು ಬರುತ್ತೆ.”

“ಅಳೆಸ್ತೀನಪ್ಪ. ಹೊಳೆ ಅಳೆಯೋಕೆ ಯಾರನ್ನ ಕರೀಲಿ?”

ಗುಮಾಸ್ತ ಕೆಟ್ಟವನಲ್ಲ. ಆಚೀಚೆ ನೋಡಿ ದನಿ ತಗ್ಗಿಸಿದ. “ನೂರಹನ್ನೆರಡು ಅಂತ ಬರೆದಿದ್ರೆ ನೂರು ಬರ್ತಿತ್ತಜ್ಜ. ಎಲ್ಲರೂ ಹಾಗೇ ಮಾಡಿದ್ದು. ನಮ್ಮ ಕಮಾನು ವಿಭಾಗ ನೋಡಿ. ದೊಡ್ಡೋರು ಬಂದಾಗ ಸ್ವಾಗತ ಕಮಾನು ಕಟ್ತಾರಲ್ಲ, ಅವರು ಎರಡರಷ್ಟು ಬರೆದ್ರು. ಕಡಿತ ಆದಮೇಲೂ ಹಿಂದಿನ ವರ್ಷಕ್ಕಿಂತ ದೊಡ್ಡ ಕಮಾನು.”

ಅಜ್ಜ ಹಗ್ಗವನ್ನು ಸುತ್ತಿ ಹೆಗಲಿಗೇರಿಸಿಕೊಂಡ. “ಸುಳ್ಳು ಬರೆದೋನಿಗೆ ಪೂರ್ತಿ, ನಿಜ ಬರೆದೋನಿಗೆ ಮೊಟಕು. ಇದನ್ನ ಸಮಾನ ಅಂತೀರಲ್ಲಪ್ಪ.”

*

“ಹಗ್ಗ ಸಿಕ್ಕಿಹಾಕ್ಕೊಂಡಿಲ್ಲ,” ಎಂದ ಬಡಗಿ, ದೋಣಿಯ ಹಿಂಭಾಗದ ಕಬ್ಬಿಣದ ಬಳೆಯನ್ನು ಬಗ್ಗಿ ನೋಡಿ. “ಮುಗಿದುಹೋಗಿದೆ. ಈಚೆ ಚಕ್ರದಲ್ಲಿ ಇನ್ನೊಂದು ಸುತ್ತೂ ಇಲ್ಲ.”

“ಏಳು ವರ್ಷದಿಂದ ಮುಗೀದೇ ಇದ್ದದ್ದು ಇವತ್ತು ಮುಗಿಯುತ್ತಾ?” ಎಂದರು ನರ್ಸಮ್ಮ. “ಅಜ್ಜ ಹಗ್ಗಕ್ಕೆ ಸೇರಿಸಿದ್ದ ಬಾಲ ಎಲ್ಲಿ?”

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಅವರು ದೋಣಿ ಇಲಾಖೆಯ ಮುಖ್ಯಸ್ಥರು. ಇಲಾಖೆಯ ಪರವಾಗಿ ಹೂಚಕ್ರ ಇಟ್ಟು ನಾಲ್ಕು ಮಾತಾಡಿ ಹೋಗಲು ಬಂದಿದ್ದರು. ಹೂಚಕ್ರಕ್ಕೂ ಶೇಕಡಾ ಹತ್ತು ತಗುಲಿತ್ತು. ಹೂವಿನವನ ಹತ್ತಿರ ಇದ್ದದ್ದು ಒಂದೇ ಅಳತೆಯ ಬಿದಿರು ಬಳೆ. ಅವನು ಹತ್ತರಲ್ಲಿ ಒಂಬತ್ತು ಪಾಲಿಗೆ ಹೂ ಕಟ್ಟಿ, ಒಂದು ಪಾಲು ಬರಿಯ ಬಿದಿರು ಬಿಟ್ಟು ಕೊಟ್ಟಿದ್ದ. ಸಾಹೇಬರು ಆ ಬೋಳು ಜಾಗವನ್ನೇ ಹಿಡಿದುಕೊಂಡಿದ್ದರು. ಇಡೀ ಚಕ್ರವೆಂದೇ ಕಾಣುತ್ತಿತ್ತು.

“ಇನ್ನೊಂದು ಚಿಕ್ಕ ದೋಣಿ ಇತ್ತಲ್ಲ? ಅದನ್ನ ತರಿಸಿ,” ಎಂದರು.

“ಎರಡು ದೋಣಿ ಇತ್ತು ಸಾರ್,” ಗುಮಾಸ್ತ ನೆಲ ನೋಡುತ್ತಾ ಹೇಳಿದ. “ಶೇಕಡಾ ಹತ್ತು ಕಳೆದ್ರೆ ಒಂದೂ ಮುಕ್ಕಾಲು ಚಿಲ್ಲರೆ ಬಂತು. ಮುಕ್ಕಾಲು ದೋಣಿ ತೇಲಲ್ಲ ಅಂತ ಒಂದೇ ಮಾಡಿದ್ವಿ. ತಮ್ಮದೇ ಸಹಿ.”

“ಈಜಿಕೊಂಡು ಹೋಗೋದಾದ್ರೆ?” ಎಂದರು ಸಾಹೇಬರು.

“ಇಲ್ಲಿ ಎರಡಾಳು ನೀರು,” ಎಂದಳು ಮಗಳು. “ಅಪ್ಪನಿಗೇನೂ ಭಯ ಇಲ್ಲ. ನೀವು ಯೋಚನೆ ಮಾಡಿ.”

ಬಡಗಿಗೆ ಹೊಳೆಯಿತು. “ಈ ಹಗ್ಗಾನೇ ಬಳೆಯಿಂದ ಬಿಚ್ಚಿಬಿಟ್ರೆ? ಮಾವ ಆಚೆಯಿಂದ ಎಳೀತಾನೆ. ಐದು ನಿಮಿಷದಲ್ಲಿ ದಡ ಸೇರ್ತೀವಿ.”

“ಸೇರ್ತೀವಿ. ಬಿಚ್ಚಿದ ಹಗ್ಗ ಹೊಳೆ ಪಾಲಾಗುತ್ತೆ. ವಾಪಸು ಯಾರು ಎಳೀತಾರೆ?” ಎಂದಳು ಮಗಳು.

“ಅಜ್ಜನಿಗೆ ಹೋಗೋದಷ್ಟೇ. ಅವನಿಗೆ ಸಾಕು.”

“ನಮಗೂ ಅಷ್ಟೇ ಸಾಕಾ? ಸ್ಮಶಾನಕ್ಕೆ ಹೋಗೋ ದೋಣಿ, ಬರೋದು ಇಲ್ಲ ಅಂದ್ರೆ ಏನ್ ಚೆನ್ನಾಗಿರುತ್ತೆ!”

ಯಾರೋ ಕಿಸಕ್ಕೆಂದರು, ಆಮೇಲೆ ಪೆಟ್ಟಿಗೆಯನ್ನು ನೋಡಿ ಕೆಮ್ಮಿದರು. ನರ್ಸಮ್ಮ ಮಾತ್ರ ಗುಮಾಸ್ತನ ಮೇಲಿನ ಕಣ್ಣು ತೆಗೆದಿರಲಿಲ್ಲ.

“ನೀವು ಯಾಕ್ರೀ ಆಗಲಿಂದ ಏಳ್ತಾನೇ ಇಲ್ಲ? ಯಾವ ಚೀಲ ಅದು?”

ಗುಮಾಸ್ತ ಎದ್ದ. ಏಳುವುದು ಅವನಿಗೆ ತುಂಬ ಕಷ್ಟವಾಯಿತು. ಚೀಲದ ಬಾಯಿಗೆ ಹುರಿ ಬಿಗಿದು, ಗಂಟಿನ ಮೇಲೆ ಹೆಬ್ಬೆರಳಿನಷ್ಟು ಕೆಂಪು ಅರಗು ಹಾಕಿ, ಇಲಾಖೆಯ ಮುದ್ರೆ ಒತ್ತಿತ್ತು. ಮೇಲೆ ಒಂದು ಚೀಟಿ: ‘ಅನಧಿಕೃತ ಹಗ್ಗ. ಹನ್ನೊಂದು ಮಾರು.’

“ನಿನ್ನೆ ದೋಣಿ ಇರಲಿಲ್ಲವಲ್ಲ, ದುಃಖಕ್ಕೆ ರಜೆ. ಆಗ ಬಂದು ಅಜ್ಜನ ವಶದಲ್ಲಿದ್ದ ಸಾಮಾನಿನ ಚಾರ್ಜು ಪಟ್ಟಿ ಮಾಡಿದೆ,” ಅವನು ತೊದಲಿದ. “ಪಟ್ಟೀಲಿ ಇಲಾಖೆ ಹಗ್ಗ ತೊಂಬತ್ತು ಮಾರು ಅಂತಿದೆ. ಮಿಕ್ಕಿದ್ದು ಇಲಾಖೇದಲ್ಲ. ಕತ್ತರಿಸಿ, ಇಲಾಖೆ ಹಗ್ಗಾನ ನೇರ ದೋಣಿಗೆ ಕಟ್ಟಿದೆ. ಎಲ್ಲರೂ ಬಾಲ ಬಾಲ ಅಂತಿದ್ರಲ್ಲ. ಬಾಲ ಅಂದ್ರೆ ಇಲ್ದಿದ್ರೂ ನಡೆಯುತ್ತೆ ಅಂದ್ಕೊಂಡೆ.”

*

ಬಾಲಕ್ಕೆ ಹಗ್ಗ ಕೂಡಿಸಲು ಅಜ್ಜನಿಗೆ ಒಂದು ವಾರ ಹಿಡಿದಿತ್ತು. ಮನೆಮನೆಗೆ ಹೋಗಿ ಕೇಳಿದ. ಮಗಳು ಅಟ್ಟದಿಂದ ತೊಟ್ಟಿಲ ಹಗ್ಗ ಇಳಿಸಿಕೊಟ್ಟಳು. ಅದೇ ಹಗ್ಗದಲ್ಲಿ ಮೊಮ್ಮಗಳು ತೂಗಿದ್ದಳು. ನರ್ಸಮ್ಮ ಆಸ್ಪತ್ರೆಯ ಬಟ್ಟೆ ಒಣಗಿಸುವ ಹಗ್ಗ ಕೊಟ್ಟು, ಒಂದು ತಿಂಗಳು ಹಾಸಿಗೆಯ ಹೊದಿಕೆಗಳನ್ನು ಬೇಲಿಯ ಮೇಲೆ ಒಣಗಿಸಿದರು. ಶಾಲೆಯಿಂದ ಹಗ್ಗಜಗ್ಗಾಟದ ಹಗ್ಗದಲ್ಲಿ ಒಂದು ತುಂಡು ಬಂತು. “ಎರಡೂ ಕಡೆ ಒಬ್ಬೊಬ್ಬರನ್ನ ಕಮ್ಮಿ ಮಾಡ್ತೀವಿ ಬಿಡಿ,” ಎಂದರಂತೆ ಮೇಷ್ಟ್ರು. ಬಡಗಿ ಮರ ಕಟ್ಟುವ ಹುರಿ ಕೊಟ್ಟ. ಕೊಡುವಾಗ, ವಾಪಸು ಬೇಕು ಎಂದಿದ್ದ.

ಅಜ್ಜ ಒಂದೂ ಗಂಟು ಹಾಕಲಿಲ್ಲ. “ಗಂಟು ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ ಮಗಾ. ಹೆಣೀಬೇಕು,” ಎಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಎರಡು ಹಗ್ಗದ ತುದಿಯ ಎಳೆಗಳನ್ನು ಬಿಚ್ಚಬೇಕು. ಇದರ ಎಳೆ ಅದರೊಳಗೆ, ಅದರ ಎಳೆ ಇದರೊಳಗೆ, ಮೇಲೊಂದು ಕೆಳಗೊಂದು ತೂರಿಸಿ ಬಿಗಿಯಬೇಕು. ಆಮೇಲೆ ಎಲ್ಲಿ ಸೇರಿತೆಂದು ಕೈಗೆ ಗೊತ್ತಾಗಬಾರದು. ಮಾತಾಡಲು ನಾಚುವ ಹುಡುಗಿ ಹೆಣೆಯಲು ನಾಚಲಿಲ್ಲ. ಕೊನೆಯ ಎರಡು ಮಾರು ಅವಳದೇ.

ಅಜ್ಜ ಅದನ್ನು ಎಂದೂ ಬಾಲ ಎನ್ನಲಿಲ್ಲ. ಅವನಿಗೆ ಅದು ಸಾಲ ತಂದ ಹಗ್ಗ. ಪ್ರತಿ ವರ್ಷ ಪೂರ್ತಿ ಹಗ್ಗ ಕೊಡಿ, ಇವರದ್ದನ್ನು ಇವರಿಗೆ ವಾಪಸು ಮಾಡಬೇಕು ಎಂದು ಅರ್ಜಿ ಬರೆಸಿದ. ನಿವೃತ್ತಿಯಾದ ಮೇಲೂ ಬರೆಸಿದ. ಅವನ ಜಾಗಕ್ಕೆ ಯಾರೂ ಬರಲಿಲ್ಲ, ಆ ಹುದ್ದೆಯೂ ಶೇಕಡಾ ಹತ್ತರಲ್ಲಿ ಹೋಗಿತ್ತು. ಚಾರ್ಜು ತೆಗೆದುಕೊಳ್ಳುವವರಿಲ್ಲದೆ ಬಿಟ್ಟುಹೋಗುವುದು ಹೇಗೆ ಎಂದು ಅವನು ಇನ್ನೂ ಆರು ವರ್ಷ ಚಕ್ರ ತಿರುಗಿಸಿದ. ಮೊನ್ನೆ ಬೆಳಗಿನ ದೋಣಿ ಬಿಟ್ಟು, ಚಕ್ರದ ಕಟ್ಟೆಯ ಮೇಲೆ ಕೂತವನು ಕೂತಂತೆಯೇ ಹೋಗಿಬಿಟ್ಟ.

*

“ಬಿಚ್ಚಿ ಹಾಗಾದ್ರೆ!” ಎಂದ ಬಡಗಿ. “ಚೀಲ ಇಲ್ಲೇ ಇದೆ, ಹಗ್ಗ ಇಲ್ಲೇ ಇದೆ.”

ಗುಮಾಸ್ತ ಚೀಲಕ್ಕೆ ಅಡ್ಡ ನಿಂತ. “ಮುದ್ರೆ ಒಡೆಯೋ ಅಧಿಕಾರ ನನಗಿಲ್ಲ. ಸಾಹೇಬರಿಗಿದೆ.”

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನೋಡಿ, ನನಗೂ ದುಃಖ ಇದೆ. ಆದ್ರೆ ಇದು ಅನಧಿಕೃತ ಅಂತ ನಾವೇ ಬರೆದಾಗಿದೆ. ಈಗ ನಾನೇ ಮುದ್ರೆ ಒಡೆದು ಕಟ್ಟಿಸಿದ್ರೆ, ಅದನ್ನ ಅಧಿಕೃತ ಮಾಡಿದ ಹಾಗಾಗುತ್ತೆ. ನಾಳೆ ಕಮಾನು ವಿಭಾಗದವರು ಬರ್ತಾರೆ. ಅವರಿಗೆ ಕೊಟ್ರಿ, ನಮಗೆ ಯಾಕಿಲ್ಲ ಅಂತಾರೆ. ನಾಡಿದ್ದು ಇನ್ನೊಬ್ಬರು. ಎಲ್ಲರಿಗೂ ಹತ್ತು ಅಂದ್ರೆ ನಾನು ಯಾರಿಗೂ ಉತ್ತರ ಕೊಡ್ಬೇಕಾಗಿಲ್ಲ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಉತ್ತರ ಕೊಡ್ಬೇಕು.”

“ಸಾರ್,” ಎಂದಳು ಮಗಳು, “ನಾನು ಅಂಗಿ ಹೊಲಿಯೋಳು. ಬಟ್ಟೆ ಸಾಲದೆ ಬಂದ್ರೆ ಜೇಬು ಬಿಡ್ತೀನಿ, ಕಾಲರು ಬಿಡ್ತೀನಿ. ಎಲ್ಲಾ ಕಡೆ ಸಮ ಕತ್ತರಿಸ್ತೀನಿ ಅಂತ ಕತ್ತು ತೂರೋ ಜಾಗಾನೂ ಕಿರಿದು ಮಾಡಿದ್ರೆ ಆ ಅಂಗಿ ಯಾರ ತಲೆಗೂ ಇಳಿಯಲ್ಲ.”

“ಅದೆಲ್ಲ ಸರಿಯಮ್ಮ. ಒಂದು ಅರ್ಜಿ ಕೊಡಿ. ಪರಿಶೀಲಿಸೋಣ.”

ಅರ್ಜಿ ಎಂಬ ಮಾತು ಕೇಳಿ ಮೊಮ್ಮಗಳು ತಲೆ ಎತ್ತಿದಳು.

*

ಕಳೆದ ವರ್ಷ ಅವಳು ಪದವಿ ಮುಗಿಸಿದ ತಿಂಗಳೇ ಅಜ್ಜ ಅವಳನ್ನು ಸಾಹೇಬರ ಕಚೇರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯವರೆಗಿನ ವರ್ಷವರ್ಷದ ಅರ್ಜಿಗಳನ್ನೆಲ್ಲ ಬರೆದವಳು ಅವಳೇ. ಅಜ್ಜ ಹೇಳಿದ್ದನ್ನು ನೆಟ್ಟಗೆ ಮಾಡಿ, ಬೈಗುಳ ತೆಗೆದು, ದುಂಡಗಿನ ಅಕ್ಷರದಲ್ಲಿ. “ಈ ಸಲ ಕೊಡೋದು ಬೇಡ. ನೀನೇ ಓದಿ ಹೇಳು ಮಗಾ,” ಎಂದಿದ್ದ ಅಜ್ಜ. “ಕಾಗದ ಆದ್ರೆ ಪಕ್ಕಕ್ಕಿಡ್ತಾರೆ. ನಿನ್ನನ್ನ ಎಲ್ಲಿ ಇಡ್ತಾರೆ?”

ಸಾಹೇಬರ ಕೋಣೆಯಲ್ಲಿ ಫ್ಯಾನಿಗೆ ಮೂರರಲ್ಲಿ ಎರಡು ರೆಕ್ಕೆ ಇದ್ದವು. ಹತ್ತು ನಿಮಿಷದ ಸಾರ್ವಜನಿಕ ಭೇಟಿ ಒಂಬತ್ತು ನಿಮಿಷಕ್ಕಿಳಿದಿದೆಯೆಂದು ಬಾಗಿಲಲ್ಲಿ ಬರೆದಿತ್ತು. ಮೊಮ್ಮಗಳು ಕಾಗದ ಬಿಡಿಸಿ ಹಿಡಿದಳು. ಅಕ್ಷರಗಳೆಲ್ಲ ಅವಳವೇ. ಆದರೂ ಮೊದಲ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಎರಡು ನಿಮಿಷ. ನಾಲ್ಕು ನಿಮಿಷ. ಸಾಹೇಬರು ಒಳ್ಳೆಯವರಂತೆ ಕಾದರು, ನೀರು ಕೊಡಿಸಿದರು. ಅಜ್ಜ ಅವಸರಪಡಿಸಲಿಲ್ಲ. ದೋಣಿಗೆ ಕಾಯುವವನಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಒಂಬತ್ತನೇ ನಿಮಿಷಕ್ಕೆ ಅವಳ ಬಾಯಿಂದ “ಮಾನ್ಯರೇ” ಎಂದು ಹೊರಟಿತು. ಅಷ್ಟರಲ್ಲಿ ಗಂಟೆ ಬಾರಿಸಿತು.

ಮೆಟ್ಟಿಲಿಳಿಯುವಾಗ ಅವಳು ಅತ್ತಿದ್ದಳು. ಅಜ್ಜ ಅವಳ ತಲೆ ತಟ್ಟಿದ್ದ. “ನಿಂದೇನೂ ತಪ್ಪಿಲ್ಲ ಬಿಡು. ನೀನು ಹತ್ತನೇ ನಿಮಿಷದೋಳು. ಅದನ್ನೇ ಕತ್ತರಿಸಿಬಿಟ್ರು ಅವರು.”

ಅವನು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಆ ದಿನದಿಂದ ಆ ಕಾಗದ ಅವಳ ಚೀಲದಲ್ಲೇ ಇತ್ತು. ಇಂದು ಅದನ್ನು ಗುಂಡಿಯಲ್ಲಿ ಅಜ್ಜನ ಜೊತೆ ಇಟ್ಟುಬಿಡಬೇಕು, ತನ್ನ ಸೋಲೂ ಅವನೊಂದಿಗೆ ಮಣ್ಣಾಗಲಿ ಎಂದುಕೊಂಡು ಅವಳು ದೋಣಿ ಹತ್ತಿದ್ದಳು.

*

“ಅರ್ಜಿ ಇದೆ,” ಎಂದಳು ಮೊಮ್ಮಗಳು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದ ನರ್ಸಮ್ಮನಿಗೆ ಮಾತ್ರ ಕೇಳಿತು. ಅವರು ಕೂಡಲೇ ಎರಡೂ ಕೈ ಎತ್ತಿದರು. “ಸುಮ್ನಿರ್ರೀ ಎಲ್ಲಾ! ಹುಡುಗಿ ಮಾತಾಡ್ತಾಳೆ!”

ಹಾಗೆ ಕೂಗಬಾರದಿತ್ತು. ಎಲ್ಲರೂ ತಿರುಗಿ ನೋಡಿದರು, ಅವಳ ಕಿವಿ ಕೆಂಪಾಯಿತು. ಅವಳು ಚೀಲದಿಂದ ಕಾಗದ ತೆಗೆದು ಬಿಡಿಸಿದಳು. ಮೊದಲ ಪದ ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ನೀರು ದೋಣಿಯ ಹೊಟ್ಟೆಗೆ ತಟ್ಟುತ್ತಿತ್ತು. ಒಂದು ನಿಮಿಷವಾಯಿತು. ಎರಡಾಯಿತು. ಸಾಹೇಬರು ಅಭ್ಯಾಸಬಲದಿಂದ ಬಾಗಿಲಿಗಾಗಿ ಆಚೀಚೆ ನೋಡಿದರು. ಬಾಗಿಲಿರಲಿಲ್ಲ. ಗಂಟೆಯೂ ಇರಲಿಲ್ಲ.

“ನಿಧಾನಕ್ಕೆ ಓದು ಮಗಳೇ,” ಎಂದಳು ಅವಳ ಅಮ್ಮ. “ಯಾರೂ ಎಲ್ಲೂ ಹೋಗಲ್ಲ.”

“ಮಾನ್ಯರೇ,” ಎಂದು ಮೊಮ್ಮಗಳು ಓದತೊಡಗಿದಳು. “ನಾನು ದೋಣಿಯವನು. ನನಗೆ ನೂರು ಮಾರು ಹಗ್ಗ ಬೇಕಿತ್ತು, ತಾವು ತೊಂಬತ್ತು ಕೊಟ್ಟಿದ್ದೀರಿ. ತಾವು ನನಗೆ ಹತ್ತು ಮಾರು ಕಡಿಮೆ ಕೊಟ್ಟಿದ್ದೇವೆಂದು ತಿಳಿದಿದ್ದೀರಿ. ಇಲ್ಲ. ತಾವು ಏನನ್ನೂ ಕೊಟ್ಟಿಲ್ಲ. ದಡ ಮುಟ್ಟದ ಹಗ್ಗ ತೊಂಬತ್ತು ಮಾರಿದ್ದರೂ ಒಂದೇ, ಒಂಬತ್ತು ಮಾರಿದ್ದರೂ ಒಂದೇ. ಸರ್ಕಾರದಲ್ಲಿ ದುಡ್ಡಿಲ್ಲವೆಂದರೆ ನನಗೆ ಅರ್ಥವಾಗುತ್ತದೆ. ಕಡಿಯಬೇಡಿ ಎಂದು ನಾನು ಹೇಳುವುದಿಲ್ಲ. ಬೇಡದ್ದನ್ನು ಪೂರ್ತಿ ಕಡಿಯಿರಿ, ಬೇಕಾದ್ದನ್ನು ಪೂರ್ತಿ ಉಳಿಸಿರಿ. ಯಾವುದು ಬೇಕು, ಯಾವುದು ಬೇಡ ಎಂದು ನೋಡುವುದೇ ತಮ್ಮ ಕೆಲಸ. ಎಲ್ಲದರಲ್ಲೂ ಸಮನಾಗಿ ಹತ್ತು ಕಳೆಯುವುದಕ್ಕೆ ಸಾಹೇಬರು ಬೇಕಾಗಿಲ್ಲ, ಒಂದು ಕತ್ತರಿ ಸಾಕು.” ಅವಳು ಉಸಿರೆಳೆದುಕೊಂಡಳು. “ಹೊಳೆಗೂ ಈ ಆದೇಶ ಅನ್ವಯಿಸುವುದಾದರೆ ದಯವಿಟ್ಟು ಅದಕ್ಕೊಂದು ಪ್ರತಿ ಕಳುಹಿಸಿ. ಅದು ಇನ್ನೂ ಹಳೆಯ ಅಗಲದಲ್ಲೇ ಹರಿಯುತ್ತಿದೆ. ಇಂತಿ ತಮ್ಮ ವಿಧೇಯ.”

ಆಚೆ ದಡದಿಂದ ಚಕ್ರದ ಮಾವ ಕೂಗಿದ: “ಏನಂತೆ ಅಲ್ಲಿ? ಭಾಷಣಾನಾ? ಗುಂಡೀಲಿ ನೀರು ಒಸರ್ತಾ ಇದೆ ಕಣ್ರೋ!”

“ಬೈಗುಳ ತೆಗೆದು ಬರೀತೀನಿ ಅಂತಿದ್ಯಲ್ಲೇ,” ಎಂದು ನರ್ಸಮ್ಮ ಪಿಸುಗುಟ್ಟಿದರು.

“ತೆಗೆದಿದೀನಿ,” ಎಂದಳು ಮೊಮ್ಮಗಳು.

ಸಾಹೇಬರು ಹೂಚಕ್ರವನ್ನು ಪೆಟ್ಟಿಗೆಯ ಮೇಲಿಟ್ಟರು. ಬೋಳು ಬಿದಿರು ಎಲ್ಲರಿಗೂ ಕಂಡಿತು. ಅವರು ಅದನ್ನು ನೋಡಿದರು, ಹೊಳೆಯ ಅಗಲ ನೋಡಿದರು, ಹತ್ತು ಮಾರು ನೀರನ್ನು ನೋಡಿದರು.

“ಮುದ್ರೆ ಹೇಗ್ರೀ ಒಡೆಯೋದು?” ಗುಮಾಸ್ತನನ್ನು ಕೇಳಿದರು. “ಹಾಕೋದು ಗೊತ್ತು. ಒಡೆದಿಲ್ಲ ಯಾವತ್ತೂ.”

ಬಡಗಿ ಜೇಬಿನಿಂದ ತಿರುಪುಳಿ ತೆಗೆದುಕೊಟ್ಟ. ಸಾಹೇಬರು ಚುಚ್ಚಿದರು. ಅರಗು ಸೀಳಿತು, ಹುರಿ ಕಿತ್ತುಬಂತು. ಅರಗಿನ ಒಂದು ದೊಡ್ಡ ಉಂಡೆ ಮಾತ್ರ ಹುರಿಯ ತುಂಡಿನ ಸಮೇತ ಒಳಗಿದ್ದ ತೊಟ್ಟಿಲ ಹಗ್ಗಕ್ಕೆ ಅಂಟಿ ಕೂತಿತ್ತು. ಹಾಕುವಾಗ ಬಿಸಿ ಅರಗು ಗೋಣಿಯ ಸಂದಿಯಿಂದ ಒಳಗಿಳಿದಿರಬೇಕು. ಬಡಗಿ ಕೆರೆದ. ಅದು ಬಿಡಲಿಲ್ಲ.

“ಇರ್ಲಿ ಬಿಡಿ,” ಎಂದಳು ಮೊಮ್ಮಗಳು. “ಗಂಟಲ್ಲ ಅದು.”

ಅವಳು ಆಗಲೇ ಹೆಣೆಯಲು ಕೂತಾಗಿತ್ತು. ಈಗ ಅವಳ ದನಿಯನ್ನು ಯಾರೂ ಹುಡುಕಬೇಕಾಗಿರಲಿಲ್ಲ. “ಮಾವನಿಗೆ ಬಿಳಿ ಬಟ್ಟೆ ಒಂದು ಸಲ ಬೀಸಿ, ಅಂದ್ರೆ ಸಡಿಲ ಬಿಡು ಅಂತ. ನರ್ಸಮ್ಮ, ನಿಮ್ಮ ಚಿಮುಟ ಕೊಡಿ. ಹಗ್ಗದ ತುದಿ ನೀರಿಗೆ ಹೋಗಬಾರದು, ಎಲ್ಲರೂ ಹಿಡ್ಕೊಳ್ಳಿ. ಸಾರ್, ನೀವೂ.”

ಬಳೆಯಿಂದ ಬಿಚ್ಚಿದ ಕೂಡಲೇ ತೊಂಬತ್ತು ಮಾರು ಒದ್ದೆ ಹಗ್ಗದ ಭಾರವೆಲ್ಲ ಹೊಳೆಯ ಸೆಳೆತದೊಂದಿಗೆ ಹದಿನೈದು ಜನರ ಕೈಗೆ ಬಂತು. ಹಗ್ಗ ಸಾಹೇಬರನ್ನು ಒಂದು ಹೆಜ್ಜೆ ಎಳೆದುಕೊಂಡು ಹೋಯಿತು. ಕಾಲೂರಲು ಏನೂ ಸಿಗದೆ ಪೆಟ್ಟಿಗೆಯನ್ನು ನೋಡಿ ಹಿಂಜರಿದರು.

“ಕಾಲು ಕೊಡಿ ಸಾರ್,” ಎಂದಳು ಮಗಳು. “ಅಪ್ಪ ಏನೂ ಅನ್ಕೊಳ್ಳಲ್ಲ. ಗಟ್ಟಿಯಾಗೇ ಇದ್ದಾನೆ.”

“ಪಾಲಿಶ್ ಇನ್ನೂ ಹಸಿ!” ಎಂದ ಬಡಗಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮುಕ್ಕಾಲು ಗಂಟೆ. ಅವಳು ಎಳೆ ಬಿಚ್ಚಿ, ತೂರಿಸಿ, ಬಿಗಿದು, ತೊಟ್ಟಿಲ ಹಗ್ಗವನ್ನು ಸರ್ಕಾರದ ಹಗ್ಗಕ್ಕೆ ಹೆಣೆದಳು. ಇನ್ನೊಂದು ತುದಿಯನ್ನು ಬಳೆಗೆ ಕಟ್ಟಿದಳು. ಕೆಂಪಾದ ಅಂಗೈಗಳನ್ನು ಸಾಹೇಬರು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ನೋಡಿಕೊಂಡರು.

“ದಿನಾ ಎಷ್ಟು ಸಲ ತಿರುಗಿ ಬರ್ತಿತ್ತು ದೋಣಿ?” ಎಂದು ಕೇಳಿದರು.

“ಹತ್ತು,” ಎಂದಳು ಮಗಳು. “ಒಂಬತ್ತು ಮಾಡಿ ಅಂತ ಆದೇಶ ಬಂದಿತ್ತು. ಅಪ್ಪ ಹತ್ತನೇದನ್ನ ಸುಮ್ನೆ ಮಾಡ್ತಿದ್ದ.”

*

ಮಣ್ಣು ಮುಚ್ಚುವಾಗ ಮಧ್ಯಾಹ್ನ ಜಾರಿತ್ತು. ಸಾಹೇಬರು ನಾಲ್ಕು ಮಾತಾಡುವವರಿದ್ದರು, ಎರಡೇ ಆಡಿದರು. “ದೋಣಿ ನಡೆಸಿದ್ರು. ಚೆನ್ನಾಗಿ ನಡೆಸಿದ್ರು.” ಹೂಚಕ್ರವನ್ನು ಹೇಗಿಡುವುದೆಂದು ತಿಳಿಯದೆ ನಿಂತಾಗ ಬಡಗಿ, “ಬೋಳು ಇರೋ ಕಡೆ ಮಣ್ಣಲ್ಲಿ ಹೂತುಬಿಡಿ ಸಾರ್, ನೆಟ್ಟಗೂ ನಿಲ್ಲುತ್ತೆ,” ಎಂದ. ನಿಂತಿತು. ಮೊಮ್ಮಗಳು ಕಾಗದವನ್ನು ಗುಂಡಿಗೆ ಹಾಕಲಿಲ್ಲ. ಗುಮಾಸ್ತ ಕೈ ಚಾಚಿ ಅದನ್ನು ಇಸಿದುಕೊಂಡು, ಸ್ವೀಕರಿಸಿದೆ ಎಂದು ಬರೆದು, ಒದ್ದೆ ಕಡತದ ಮೇಲ್ಗಡೆ ಇಟ್ಟ.

ವಾಪಸು ಬರುವಾಗ ದೋಣಿ ಹಗುರವಾಗಿತ್ತು. ಈಚೆ ದಡದಲ್ಲಿ ಅಜ್ಜನ ಚಕ್ರವನ್ನು ಹಾಲಿನವನು ತಿರುಗಿಸುತ್ತಿದ್ದ. ನಡುಹೊಳೆಯಲ್ಲಿ ಗುಮಾಸ್ತ ಚಾರ್ಜು ಪಟ್ಟಿ ತೆರೆದು ಪೆನ್ನು ಹಿಡಿದ.

“ಸಾರ್, ಹಗ್ಗ ಎಷ್ಟು ಮಾರು ಅಂತ ಬರೀಲಿ? ತೊಂಬತ್ತಾ, ನೂರಾ?”

ಸಾಹೇಬರು ಅಂಗೈ ನೋಡಿಕೊಳ್ಳುತ್ತಿದ್ದರು. “ದಡದಿಂದ ದಡಕ್ಕೆ ಅಂತ ಬರೀರಿ.” ಸ್ವಲ್ಪ ತಡೆದು, “ತಾತ್ಕಾಲಿಕವಾಗಿ,” ಎಂದರು.

“ಕಮಾನಿನೋರು ಬಂದು ಕೇಳಿದ್ರೆ?”

“ಕೇಳ್ಲಿ. ಉತ್ತರ ಕೊಡ್ತೀನಿ.” ಆ ಉತ್ತರ ಏನೆಂದು ಅವರಿಗೇ ಇನ್ನೂ ಗೊತ್ತಿರುವಂತೆ ಕಾಣಲಿಲ್ಲ.

“ನನ್ನ ಹುರಿ ವಾಪಸು ಕೇಳೋ ಹಾಗಿಲ್ಲ ಅನ್ನಿ,” ಎಂದ ಬಡಗಿ.

ದಡ ಹತ್ತಿರವಾಯಿತು. ಸರ್ಕಾರದ ಹಗ್ಗ ಪೂರ್ತಿ ಸುತ್ತಿಕೊಂಡು, ಬಾಲ ನೀರಿನಿಂದ ಮೇಲೆದ್ದಿತು. ಬಟ್ಟೆ ಒಣಗಿಸುವ ಹಗ್ಗ, ಹಗ್ಗಜಗ್ಗಾಟದ ಹಗ್ಗ, ತೊಟ್ಟಿಲ ಹಗ್ಗ ತೊಟ್ಟಿಕ್ಕುತ್ತಾ ಒಂದೊಂದು ಬಣ್ಣದಲ್ಲಿ ಚಕ್ರದ ಕಡೆ ಸಾಗಿದವು. ಹೆಣಿಗೆ ಸದ್ದಿಲ್ಲದೆ ದಾಟಿತು. ಅದರ ಹಿಂದೆಯೇ, ಇಲಾಖೆಯ ಅರ್ಧ ಮುದ್ರೆ ಹೊತ್ತ ಅರಗಿನ ಉಂಡೆ ಚಕ್ರದ ಬಾಯಿಗೆ ಬಂದು, ‘ಟಕ್’ ಎಂದು ಒಳಗೆ ಹೋಯಿತು.

ಹಾಲಿನವನು ಬೆಚ್ಚಿ ಕೈ ಬಿಟ್ಟ. “ಏನದು ಸದ್ದು? ಏನಾದ್ರೂ ಮುರೀತಾ?”

“ಇಲ್ಲ,” ಎಂದಳು ಮೊಮ್ಮಗಳು, ದೋಣಿಯ ತುದಿಯಲ್ಲಿ ಎದ್ದುನಿಂತು, ಆಚೆ ದಡಕ್ಕೂ ಕೇಳುವಷ್ಟು ಗಟ್ಟಿಯಾಗಿ. “ದಡ ಬಂತು.”